ಸ್ಥಾವರದ ಮಾನ, ಸ್ಥಾವರದ ಸಾಕ್ಷಿ



ಗತಕಾಲದ ಅರಸರ, ಸೇನಾನಿಗಳ, ಪರದೇಶೀಯ ಅಧಿಕಾರಿಗಳ ಪ್ರತಿಮೆಗಳನ್ನೂ ಸ್ಮಾರಕಗಳನ್ನೂ ಧ್ವಜಗಳನ್ನೂ ಸಾರ್ವಜನಿಕ ಸ್ಥಳಗಳಿಂದ ತೆಗೆದುಹಾಕಬೇಕೇ, ಇರಗೊಡಬೇಕೇ ಎಂಬ ವಾದ ನಮ್ಮ ನಾಡಿನಲ್ಲಿಯೂ ಹೊರದೇಶಗಳಲ್ಲಿಯೂ ಮತ್ತೆ ಮತ್ತೆ ಏಳುತ್ತಿದೆ. ಸ್ಥಾವರ-ಜಂಗಮಗಳ ವಿವೇಕವನ್ನು ಶರಣರಿಂದ ಪಡೆದ ನಾವು ಈ ವಿಷಯದಲ್ಲಿ ಹೇಗೆ ನಡೆಯತಕ್ಕದ್ದು ಎಂಬುದೇ ಈ ಪಾಠದ ವಿಚಾರ.

ಸ್ಮಾರಕವೊಂದರಲ್ಲಿ ಎರಡು ಗುಣಗಳಿರುತ್ತವೆ. ಮೊದಲನೆಯದು ಮಾನ, ಎರಡನೆಯದು ಸಾಕ್ಷಿ. ಊರ ನಡುವೆ ಎತ್ತರದ ಪೀಠದ ಮೇಲೆ ಒಬ್ಬನನ್ನು ನಿಲ್ಲಿಸಿದಾಗ, ಇವನು ಪೂಜ್ಯನೆಂದು ಸಮಾಜವು ಸಾರಿದಂತಾಯಿತು, ಇದು ಮಾನ. ಆ ಕಲ್ಲನ್ನು ಯಾರು, ಯಾವಾಗ, ಯಾವ ಉದ್ದೇಶದಿಂದ ನಿಲ್ಲಿಸಿದರೆಂಬುದನ್ನು ಆ ಕಲ್ಲೇ ಹೇಳುತ್ತದೆ; ಇದು ಸಾಕ್ಷಿ. ಮಾನವನ್ನು ಕೊಟ್ಟ ಸಮಾಜವು ವಿಚಾರಪೂರ್ವಕವಾಗಿ ಅದನ್ನು ಹಿಂದಕ್ಕೆ ಪಡೆಯಬಹುದು. ಸಾಕ್ಷಿಯನ್ನು ಅಳಿಸುವ ಅಧಿಕಾರ ಮಾತ್ರ ಯಾರಿಗೂ ಇಲ್ಲ. ಮುಂದಿನದೆಲ್ಲ ಈ ಒಂದು ಭೇದದ ವಿವರಣೆ.

ನಮ್ಮ ಬಳ್ಳಾರಿ ಸೀಮೆಯು 1953ರ ವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿತ್ತಾದ್ದರಿಂದ ಮೊದಲ ದೃಷ್ಟಾಂತವನ್ನು ಅಲ್ಲಿಂದಲೇ ತೆಗೆದುಕೊಳ್ಳೋಣ. 1857ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಕ್ರೂರ ಹತ್ಯೆಗಳನ್ನು ನಡೆಸಿದ ಕರ್ನಲ್ ನೀಲ್ ಎಂಬವನ ಪ್ರತಿಮೆ ಮದ್ರಾಸಿನ ಮೌಂಟ್ ರೋಡಿನಲ್ಲಿ ನಿಂತಿತ್ತು. 1927ರಲ್ಲಿ ಅದನ್ನು ತೆಗೆಯಬೇಕೆಂದು ಸತ್ಯಾಗ್ರಹ ನಡೆಯಿತು; ಹಲವರು ಸೆರೆಮನೆ ಕಂಡರು. 1937ರಲ್ಲಿ ರಾಜಾಜಿಯವರ ಮಂತ್ರಿಮಂಡಲ ಬಂದ ಮೇಲೆ ಪ್ರತಿಮೆಯನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಮಾನ ಹೋಯಿತು, ಸಾಕ್ಷಿ ಉಳಿಯಿತು.

ಬೆಂಗಳೂರಿನಲ್ಲಿ ಬೇರೊಂದು ರೀತಿಯಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರಿನ ಕೋಟೆಯನ್ನು ಮುತ್ತಿದಾಗ ಮಡಿದ ಕಂಪನಿಯವರ ಸ್ಮರಣೆಗಾಗಿ ಹಡ್ಸನ್ ವೃತ್ತದಲ್ಲಿ ಒಂದು ಸ್ತಂಭವಿತ್ತು. ಮುತ್ತಿದವರಿಗೆ ನಗರದ ಹೃದಯದಲ್ಲಿ ಗೌರವ, ಕಾದವರಿಗೆ ಒಂದು ಅಕ್ಷರವೂ ಇಲ್ಲ ಎಂಬುದು ಕನ್ನಡಿಗರ ನೋವು. ಆ ನೋವು ನ್ಯಾಯವಾದುದು. 1964ರಲ್ಲಿ ಸ್ತಂಭವನ್ನು ಕೆಡವಲಾಯಿತು. ಇಂದು ಅಲ್ಲಿ ನಿಂತ ಬಾಲಕನಿಗೆ, ಈ ನಗರವನ್ನು ಮುತ್ತಿದವರು ಯಾರೆಂದು ತೋರಿಸಲು ಆ ಕಲ್ಲಿಲ್ಲ. 2020ರಲ್ಲಿ ಹೈಕೋರ್ಟಿನ ಆವರಣದಲ್ಲಿದ್ದ ಮಾರ್ಕ್ ಕಬ್ಬನ್ನನ ಪ್ರತಿಮೆಯನ್ನು ಕೆಡವದೆ ಉದ್ಯಾನದೊಳಕ್ಕೆ ಸ್ಥಳಾಂತರಿಸಿದರು. ಅದೇ ವರ್ಷ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಗುಲಾಮರ ವ್ಯಾಪಾರಿ ಕಾಲ್‌ಸ್ಟನ್ನನ ಪ್ರತಿಮೆಯನ್ನು ಜನರು ಉರುಳಿಸಿ ಬಂದರಿನ ನೀರಿಗೆ ನೂಕಿದರು. ಪುರಸಭೆಯವರು ಅದನ್ನು ಮೇಲೆತ್ತಿ, ಬಳಿದ ಬಣ್ಣವನ್ನೂ ಅಳಿಸದೆ, ವಸ್ತುಸಂಗ್ರಹಾಲಯದಲ್ಲಿ ಮಲಗಿಸಿಟ್ಟರು. ಹೀಗೆ ಅವನ ವೈಭವಕ್ಕೂ ಜನರ ಕೋಪಕ್ಕೂ ಒಂದೇ ಕಂಚು ಸಾಕ್ಷಿಯಾಯಿತು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಶರಣರು ಸ್ಥಾವರವನ್ನು ನಿರಾಕರಿಸಿ ಜಂಗಮವನ್ನು ಎತ್ತಿಹಿಡಿದರಲ್ಲವೇ? ಅಳಿಯುವ ಕಲ್ಲಿಗಾಗಿ ಅವರ ಮಕ್ಕಳಾದ ನಾವು ಏಕೆ ಚಿಂತಿಸಬೇಕು?

ಸಮಾಧಾನವಿದು. ಕಲ್ಲಿನಲ್ಲಿ ಶ್ರೇಯಸ್ಸನ್ನು ಹುಡುಕಬೇಡಿರೆಂದು ಶರಣರು ಬೋಧಿಸಿದರೇ ಹೊರತು ಹಾರೆಯನ್ನು ಕೈಗೆ ಕೊಡಲಿಲ್ಲ. ಕಲ್ಲನ್ನು ತಬ್ಬಿಕೊಂಡು ಕುಳಿತವನು ಸ್ಥಾವರಕ್ಕೆ ಕಟ್ಟುಬಿದ್ದವನು. ಕೋಪದಿಂದ ಅದನ್ನು ಒಡೆಯುವವನೂ ಅಷ್ಟೇ ಕಟ್ಟುಬಿದ್ದವನು, ಏಕೆಂದರೆ ತನ್ನ ಮಾನಾಪಮಾನಗಳೆಲ್ಲ ಆ ಕಲ್ಲಿನಲ್ಲಿವೆಯೆಂದು ಅವನೂ ನಂಬಿದ್ದಾನೆ. ಇನ್ನೊಂದು ಮಾತು. ವಚನಗಳನ್ನು ಬರೆದ ಓಲೆಗರಿಯೂ ಸ್ಥಾವರವೇ ತಾನೇ? ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವಿರಕ್ತರು ಶರಣರ ವಚನಗಳನ್ನು ಕೂಡಿಸಿದರು. 1565ರ ಯುದ್ಧದ ತರುವಾಯ ಪಟ್ಟಣವು ಹಾಳಾಯಿತು. ಆದರೂ ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಓಲೆಯ ಕಟ್ಟುಗಳು ಉಳಿದವು. ಫ. ಗು. ಹಳಕಟ್ಟಿಯವರು ಅವನ್ನು ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ಕೊಟ್ಟರು. ಸ್ಥಾವರವೆಂದು ಯಾರಾದರೂ ಅವನ್ನು ಒಲೆಗೆ ಹಾಕಿದ್ದರೆ ಜಂಗಮದ ನುಡಿ ನಮ್ಮವರೆಗೆ ನಡೆದು ಬರುತ್ತಿತ್ತೇ?

ಎರಡನೆಯ ಶಂಕೆ: ನಮ್ಮದನ್ನು ಉಳಿಸೋಣ, ಅನ್ಯರದನ್ನು ತೆಗೆಯೋಣ ಎಂದರೆ ತಪ್ಪೇನು? ಇದಕ್ಕೆ ಉತ್ತರ ನಮ್ಮ ಮಲಪನಗುಡಿಯಲ್ಲಿಯೇ ಇದೆ. ಊರಿಗೆ ಹೆಸರು ಬಂದುದು ಮಲ್ಲಿಕಾರ್ಜುನನ ಗುಡಿಯಿಂದ. ಊರ ಹಳೆಯ ಬಾವಿಯ ಕಮಾನುಗಳಾದರೋ ಮುಸಲ್ಮಾನ ಶೈಲಿಯವು. ಹಂಪೆಯಲ್ಲಿ 1439ರಲ್ಲಿ ಅಹಮದ್ ಖಾನನೆಂಬ ಅಧಿಕಾರಿ ತನ್ನ ಒಡೆಯನಾದ ಪ್ರೌಢದೇವರಾಯನಿಗೆ ಪುಣ್ಯವಾಗಲೆಂದು ಒಂದು ಧರ್ಮಶಾಲೆಯನ್ನು ಕಟ್ಟಿಸಿ ಶಾಸನ ಹಾಕಿಸಿದನು. ವಚನಗಳು ಸಂಗ್ರಹವಾದ ಅದೇ ಅರಸನ ಕಾಲದ ಮಾತಿದು. ಇದರಲ್ಲಿ ನಮ್ಮದೆಷ್ಟು, ಅನ್ಯರದೆಷ್ಟು ಎಂದು ಬೇರ್ಪಡಿಸುವ ಅಳತೆಗೋಲು ಯಾರಲ್ಲಿದೆ?

ಒಡೆಯುವ ಚಪಲಕ್ಕೆ ವಾದವೂ ಬೇಕಾಗಿಲ್ಲವೆಂಬುದನ್ನು 2019ರಲ್ಲಿ ಕಂಡೆವು. ಹಂಪೆಯ ಆನೆಲಾಯದ ಹಿಂದಿರುವ ವಿಷ್ಣು ದೇಗುಲದ ಕಂಬವನ್ನು ಯುವಕರು ತಳ್ಳಿ ಬೀಳಿಸಿ, ಅದರ ಚಿತ್ರವನ್ನೂ ತೆಗೆದರು. ಹೊಸಪೇಟೆಯ ನ್ಯಾಯಾಲಯವು ತಲಾ 70,000 ರೂಪಾಯಿ ದಂಡ ವಿಧಿಸಿತು. ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಲಾಯಿತು. ಇದು ಯೋಗ್ಯವಾದ ಪ್ರಾಯಶ್ಚಿತ್ತ.

ಇನ್ನು ಧ್ವಜದ ಮಾತು. ಧ್ವಜವು ಕಲ್ಲಿನಂತಲ್ಲ, ಜೀವಂತ ಜನರು ದಿನದಿನವೂ ಏರಿಸಿದರೆ ಮಾತ್ರ ಅದು ಹಾರುತ್ತದೆ. ಆದ್ದರಿಂದ ಅದರಲ್ಲಿ ಸಾಕ್ಷಿಗಿಂತ ಮಾನದ ಭಾಗವೇ ಹೆಚ್ಚು. ನಮ್ಮ ಹಿರಿಯರು ಒಂದು ದಿನದ ನಡಿಗೆಯೊಳಗೆ ಮೂರು ಆಳ್ವಿಕೆಗಳನ್ನು ಕಂಡವರು: ಹೊಸಪೇಟೆಯಲ್ಲಿ ಆಂಗ್ಲರದು, ಹೊಳೆಯಾಚೆ ಆನೆಗೊಂದಿಯ ಕಡೆ ನಿಜಾಮರದು, ಸಂಡೂರಿನಲ್ಲಿ ಘೋರ್ಪಡೆಯವರದು. 1947ರಲ್ಲಿ ಮೊದಲನೆಯದು, 1948ರಲ್ಲಿ ಎರಡನೆಯದು, 1949ರಲ್ಲಿ ಮೂರನೆಯದು ಮುಗಿಯಿತು. ಆ ಧ್ವಜಗಳು ಇಳಿದುದು ಧರ್ಮವೇ. ಅಮೇರಿಕೆಯ ದಕ್ಷಿಣ ಕೆರೊಲಿನದಲ್ಲಿಯೂ, ಗುಲಾಮಗಿರಿಯನ್ನು ಉಳಿಸಲು ಹೋರಾಡಿದ ಪಕ್ಷದ ಧ್ವಜವು ಶಾಸನಭವನದ ಅಂಗಳದಲ್ಲಿ ಹಾರುತ್ತಿತ್ತು. 2015ರಲ್ಲಿ, ಒಂಬತ್ತು ಮಂದಿ ಕರಿಯರು ಚರ್ಚಿನಲ್ಲಿ ಹತರಾದ ಬಳಿಕ, ಅದನ್ನು ಇಳಿಸಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಇಳಿಸಿದರು, ಸುಡಲಿಲ್ಲ.

ಆದಕಾರಣ ಗೃಹಸ್ಥರಾದ ಭಕ್ತರು ಇಂತಹ ವಾದ ಎದ್ದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಈ ವಸ್ತುವಿನಿಂದ ಬದುಕಿರುವ ಯಾರಿಗಾದರೂ ಅವಮಾನವಾಗುತ್ತಿದೆಯೇ? ಆಗುತ್ತಿದ್ದರೆ, ಸಾಕ್ಷಿ ನಾಶವಾಗದಂತೆ ಅದನ್ನು ಮಾನದ ಸ್ಥಾನದಿಂದ ಕದಲಿಸುವ ದಾರಿ ಇದೆಯೇ? ಆ ನಿರ್ಣಯವು ಹಗಲಿನಲ್ಲಿ, ಸಭೆಯಲ್ಲಿ, ಎಲ್ಲರ ಮಾತು ಕೇಳಿ ಆಗಿದೆಯೇ, ಅಥವಾ ಇರುಳಿನಲ್ಲಿ ಗುಂಪಿನ ಕೈಯಿಂದ ಆಗಿದೆಯೇ? ಮೊದಲನೆಯ ಪ್ರಶ್ನೆಯು ಜಂಗಮಕ್ಕೆ ಸಲ್ಲುವ ಗೌರವ. ಜೀವಿಯ ನೋವಿನ ಮುಂದೆ ಕಲ್ಲಿನ ಮಾನ ದೊಡ್ಡದಲ್ಲ. ಎರಡನೆಯದು ಮುಂದೆ ಹುಟ್ಟುವವರಿಗೆ ನಾವು ತೀರಿಸಬೇಕಾದ ಋಣ. ಮೂರನೆಯದು ಅನುಭವಮಂಟಪದ ಪರಂಪರೆಗೆ ಒಪ್ಪುವ ನಡೆ.

ಮಕ್ಕಳನ್ನು ಹಂಪೆಗೆ ಕರೆದೊಯ್ಯುವ ತಂದೆತಾಯಿಗಳು ಕಟ್ಟಿದವರ ಹೆಸರನ್ನು ಹೇಳುವಂತೆ ಕೆಡವಿದವರ ಕಥೆಯನ್ನೂ ದ್ವೇಷವಿಲ್ಲದೆ ಹೇಳಲಿ. ಹಿಂದಿರುಗುವಾಗ ನಮ್ಮೂರ ಬಾವಿಯನ್ನೂ ಒಮ್ಮೆ ತೋರಿಸಲಿ.