ಅಪ್ಪನ ಕನಸಿಗೆ ನಿಮ್ಮ ಇಎಂಐ ಬೇಡ

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂತು, ಸೈನ್ಸ್ ಸೇರಿದಿರಿ. ಸಿಇಟಿ ಬರೆದಿರಿ, ಸಿಕ್ಕ ಬ್ರಾಂಚ್ ಓದಿದಿರಿ. ಈಗ ಕೆಲಸವಿದೆ, ಸಂಬಳವೂ ಬರುತ್ತಿದೆ. ಆದರೂ ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ. ಯಾರೋ ಮಾಡಿದ ಸಾಲಕ್ಕೆ ನೀವು ಕಂತು ಕಟ್ಟುತ್ತಿದ್ದೀರಿ. ನಿಲ್ಲಿಸಲು ಏಳು ಸೂತ್ರಗಳು ಇಲ್ಲಿವೆ.

1. ಸ್ಟೇಟ್‌ಮೆಂಟ್ ತೆಗೆಯಿರಿ
‘ಇಂಜಿನಿಯರ್ ಆಗಬೇಕು’, ‘ಸರ್ಕಾರಿ ಕೆಲಸವೇ ಬೇಕು’, ‘ಮೂವತ್ತರೊಳಗೆ ಸೈಟ್ ತಗೋಬೇಕು’. ತಲೆಯಲ್ಲಿರುವ ‘ಬೇಕು’ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರು ಅದನ್ನು ಮೊದಲು ಹೇಳಿದವರನ್ನು ನಮೂದಿಸಿ: ಅಪ್ಪ, ಸೋದರಮಾವ, ಟ್ಯೂಷನ್ ಮೇಷ್ಟ್ರು. ನಿಮ್ಮ ಹೆಸರು ಎಷ್ಟು ಸಲ ಬಂತು, ಎಣಿಸಿ. ಲೆಕ್ಕ ಕಣ್ಣೆದುರಿದ್ದರೆ ಗೊಂದಲ ಅರ್ಧ ಇಳಿಯುತ್ತದೆ.

2. ಕನಸಿನ ಹಿಂದಿನ ಭಯ ಗುರುತಿಸಿ
ಮಳೆ ಕೈಕೊಟ್ಟ ವರ್ಷ, ಅಂಗಡಿ ಮುಚ್ಚಿದ ವರ್ಷ ಕಂಡವರು ‘ಗೌರ್ಮೆಂಟ್ ಜಾಬ್’ ಅನ್ನುವುದು ಪಿಂಚಣಿ ನೆನೆದು. ಆದರೆ 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಹೊಸದಾಗಿ ಸೇರುವವರಿಗೆ ಹಳೆಯ ಖಾತ್ರಿ ಪಿಂಚಣಿಯ ಬದಲು ಎನ್‌ಪಿಎಸ್ ತಂದಿತು. ಅಪ್ಪ ತೋರಿಸುವ ಚಿತ್ರ ಹಳೆಯದು, ಅವರ ಭಯ ಮಾತ್ರ ನಿಜ. ಆ ಭಯಕ್ಕೆ ಉತ್ತರ ಸಿದ್ಧಮಾಡಿ.

3. ಋಣ ಬೇರೆ, ಹೊರೆ ಬೇರೆ
ತಂಗಿಯ ಫೀಸು, ಅಮ್ಮನ ಔಷಧಿ, ಎಜುಕೇಷನ್ ಲೋನ್ ನಿಮ್ಮವೇ. ತಪ್ಪದೆ ಕಟ್ಟಿ. ‘ನಾಲ್ಕು ಜನ ಏನಂತಾರೆ’ ಎಂಬ ಖಾತೆ ಇವತ್ತೇ ಕ್ಲೋಸ್ ಮಾಡಿ. ಆ ನಾಲ್ವರಲ್ಲಿ ಒಬ್ಬರೂ ನಿಮ್ಮ ಲೋನಿಗೆ ಜಾಮೀನು ನಿಂತಿಲ್ಲ.

4. ಎರಡನ್ನೂ ಜೊತೆಗೆ ನಡೆಸಿ
ನಾಳೆಯೇ ರಾಜೀನಾಮೆ ಬಿಸಾಕಬೇಡಿ. 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಅನಿಲ್ ಕುಂಬ್ಳೆ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದರು. ಡಿಗ್ರಿಯನ್ನೂ ಮುಗಿಸಿದರು, 619 ಟೆಸ್ಟ್ ವಿಕೆಟ್‌ಗಳನ್ನೂ ಕಿತ್ತರು. ನೀವು ದಿನಕ್ಕೆ ಒಂದು ಗಂಟೆ ಎತ್ತಿಡಿ. ಸಂಬಳ ಕೈಯಲ್ಲಿದ್ದಾಗ ಪ್ರಯೋಗಕ್ಕೆ ಧೈರ್ಯ ಹೆಚ್ಚು.

5. ನಿಮ್ಮ ಕೆಲಸ ನೋಡಿದವರನ್ನು ಕೇಳಿ
ಕೆ.ವಿ. ಪುಟ್ಟಪ್ಪ ಮೊದಲು ಬರೆದದ್ದು ಇಂಗ್ಲಿಷ್ ಕವನ. ಆಗ ಇಂಗ್ಲಿಷಿಗೇ ಮರ್ಯಾದೆ. ಅವನ್ನು ಓದಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ತಾಯ್ನುಡಿಯಲ್ಲೇ ಬರೆಯಿರಿ ಎಂದರು. ಪುಟ್ಟಪ್ಪ ಕುವೆಂಪು ಆದರು, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದರು. ನೆಂಟರಿಗೆ ಗೊತ್ತಿರುವುದು ನಿಮ್ಮ ಮಾರ್ಕ್ಸ್ ಕಾರ್ಡ್. ಸಲಹೆಯನ್ನು ನಿಮ್ಮ ಕೈಕೆಲಸ ಬಲ್ಲವರಿಂದ ಪಡೆಯಿರಿ.

6. ಮನೆಯಲ್ಲಿ ಲೆಕ್ಕ ಇಟ್ಟು ಮಾತಾಡಿ
‘ನನ್ನನ್ನು ಯಾರೂ ಅರ್ಥ ಮಾಡ್ಕೊಳ್ಳಲ್ಲ’ ಎಂಬ ಡೈಲಾಗ್ ಬಿಡಿ. ‘ಅಪ್ಪಾ, ಮುಂದಿನ ಯುಗಾದಿವರೆಗೆ ಟೈಮ್ ಕೊಡಿ. ಆರು ತಿಂಗಳ ಖರ್ಚು ಬ್ಯಾಂಕಲ್ಲಿದೆ. ಆಗಲಿಲ್ಲ ಅಂದ್ರೆ ವಾಪಸ್ ಕೆಲಸಕ್ಕೆ ಸೇರ್ತೀನಿ’ ಅನ್ನಿ. ರಾತ್ರಿ ಊಟವಾದ ಮೇಲೆ ಹೇಳಿ, ಮದುವೆ ಮನೆಯಲ್ಲಿ ನೆಂಟರ ಮುಂದೆ ಬೇಡ. ಗಡುವು ಗೊತ್ತಾದರೆ ಹೆತ್ತವರ ಆತಂಕಕ್ಕೂ ಒಂದು ಕೊನೆ ಕಾಣುತ್ತದೆ.

7. ಅನುಮಾನಕ್ಕೆ ಕೆಲಸ ಹಚ್ಚಿ
‘ನನ್ನಿಂದ ಆಗುತ್ತಾ?’ ಎಂಬುದು ಬರೀ ಅಭ್ಯಾಸ. ಅದು ತಲೆ ಎತ್ತಿದ ಕೂಡಲೇ ಒಂದು ಪುಟ ಬರೆಯಿರಿ, ಒಂದು ಫೋನ್ ಮಾಡಿ, ಒಂದು ಅರ್ಜಿ ಕಳಿಸಿ. ಅಭ್ಯಾಸವನ್ನು ಓಡಿಸಲು ಇನ್ನೊಂದು ಅಭ್ಯಾಸವೇ ಬೇಕು.

ಆರು ತಿಂಗಳು ಬಿಟ್ಟು ‘ಬೇಕು’ಗಳ ಆ ಹಾಳೆ ಮತ್ತೆ ತೆಗೆಯಿರಿ. ನಿಮ್ಮ ಹೆಸರಿರುವ ಸಾಲುಗಳನ್ನು ಉಳಿಸಿಕೊಳ್ಳಿ. ಮಿಕ್ಕದ್ದನ್ನು ಅಲ್ಲೇ ಹೊಡೆದುಹಾಕಿ, ನಾಳೆ ನಿಮ್ಮ ಮಕ್ಕಳ ಹೆಸರಿಗೆ ವರ್ಗಾಯಿಸಬೇಡಿ.