ಸಂಸದರ ಕೆಲಸ ಅಳೆಯುವ ಕೋಲು ಯಾವುದು?

ಸಂಸದರೊಬ್ಬರು ಏನು ಕೆಲಸ ಮಾಡಿದ್ದಾರೆ ಎಂದು ಕೇಳಿದರೆ ನಮ್ಮಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ. ಊರಿನವರು ಬಸ್ ತಂಗುದಾಣ, ಹೈಮಾಸ್ಟ್ ದೀಪ, ಸಮುದಾಯ ಭವನಗಳನ್ನು ತೋರಿಸುತ್ತಾರೆ. ಪತ್ರಿಕೆ ಓದುವವರು ಸದನದ ಹಾಜರಾತಿ ಇಷ್ಟು, ಕೇಳಿದ ಪ್ರಶ್ನೆಗಳು ಇಷ್ಟು ಎಂದು ಲೆಕ್ಕ ಹೇಳುತ್ತಾರೆ. ಕರ್ನಾಟಕದ ಲೋಕಸಭಾ ಸದಸ್ಯರ ಕೆಲಸವನ್ನು ವರ್ಷಗಳಿಂದ ಗಮನಿಸುತ್ತ ಬಂದಿರುವ ನಾನು ಬಹುಕಾಲ ಎರಡನೆಯ ಲೆಕ್ಕವನ್ನೇ ನಂಬಿದ್ದೆ. ಈಗ ಎರಡೂ ಸಾಲವು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ದೆಹಲಿಯಲ್ಲಿ ಎತ್ತಿದ ಮಾತು ಜಿಲ್ಲೆಯಲ್ಲಿ ಕೆಲಸವಾಗಿ ಇಳಿಯುವ ತನಕ ಅದರ ಬೆನ್ನು ಬಿಡದಿರುವುದೇ ಸಂಸದರ ನಿಜವಾದ ಕಸುಬು. ಆ ಕಸುಬನ್ನು ಅಳೆಯುವ ರೂಢಿ ಮತದಾರರಾದ ನಮಗಿನ್ನೂ ಬಂದಿಲ್ಲ.

ಮೊದಲು ಕಣ್ಣಿಗೆ ಕಾಣುವ ಕೆಲಸದ ಲೆಕ್ಕ ನೋಡೋಣ. ಸಂಸದರ ಪ್ರದೇಶಾಭಿವೃದ್ಧಿ ನಿಧಿ 1993ರ ಡಿಸೆಂಬರ್‌ನಲ್ಲಿ ಆರಂಭವಾಯಿತು. 2011-12ರಿಂದ ಅದರ ಮೊತ್ತ ವರ್ಷಕ್ಕೆ 5 ಕೋಟಿ ರೂಪಾಯಿ. ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರವೆಂದರೆ ಎಂಟು ವಿಧಾನಸಭಾ ಕ್ಷೇತ್ರಗಳು. ಸಮನಾಗಿ ಹಂಚಿದರೆ ಒಂದೊಂದಕ್ಕೆ ವರ್ಷಕ್ಕೆ 62.5 ಲಕ್ಷ ಬರುತ್ತದೆ. 2024ರ ಚುನಾವಣೆಯಲ್ಲಿ ರಾಜ್ಯದ ಮತದಾರರ ಸಂಖ್ಯೆ ಸುಮಾರು ಐದೂವರೆ ಕೋಟಿ. ಅದನ್ನು 28 ಕ್ಷೇತ್ರಗಳಿಗೆ ಭಾಗಿಸಿ ನೋಡಿದರೆ ಈ ನಿಧಿಯಿಂದ ಒಬ್ಬ ಮತದಾರರ ಪಾಲಿಗೆ ಬರುವುದು ವರ್ಷಕ್ಕೆ ಸುಮಾರು 25 ರೂಪಾಯಿ. ಅದರಲ್ಲೂ ಸಂಸದರು ಕಾಮಗಾರಿಗೆ ಶಿಫಾರಸು ಮಾಡಬಹುದಷ್ಟೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಕೋವಿಡ್ ಬಂದಾಗ 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಈ ನಿಧಿಯನ್ನೇ ತಡೆಹಿಡಿಯಿತು. 2021ರ ನವೆಂಬರ್‌ನಲ್ಲಿ ಮತ್ತೆ ಕೊಡಲು ತೀರ್ಮಾನಿಸಿತು. ಒಂದು ಊರಿನ ಶಾಲೆಗೆ ಕೊಠಡಿ ಬಂದರೆ ಆ ಊರಿಗೆ ಅದು ದೊಡ್ಡದೇ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ತಲೆಗೆ 25 ರೂಪಾಯಿಯ ಕೆಲಸವನ್ನೇ ಐದು ವರ್ಷದ ಸಾಧನೆ ಎಂದು ಒಪ್ಪಿಕೊಂಡರೆ, ಸಂಸದರಿಂದ ನಾವು ಕೇಳಬೇಕಾದದ್ದನ್ನು ಕೇಳದೇ ಬಿಟ್ಟಂತೆ.

ಕೇಳಬೇಕಾದದ್ದು ಏನೆಂಬುದಕ್ಕೆ ಕಲಬುರಗಿಯೇ ಸಾಕ್ಷಿ. ಈಗ ಕಲ್ಯಾಣ ಕರ್ನಾಟಕ ಎನಿಸಿಕೊಂಡಿರುವ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂಬ ಕೂಗು ದಶಕಗಳಷ್ಟು ಹಳೆಯದು. ಕೇಂದ್ರ ಒಮ್ಮೆ ಆಗದು ಎಂದಿದ್ದ ಬೇಡಿಕೆ ಅದು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಅದನ್ನು ಸಂವಿಧಾನದ 98ನೇ ತಿದ್ದುಪಡಿಯಾಗಿ ಅಂಗೀಕರಿಸಿತು. 371 ಜೆ ವಿಧಿ ಹುಟ್ಟಿತು. ಆಗ ಕಲಬುರಗಿಯ ಸಂಸದರೂ ಕೇಂದ್ರ ಸಚಿವರೂ ಆಗಿದ್ದ ಮಲ್ಲಿಕಾರ್ಜುನ ಖರ್ಗೆ, ಬೀದರ್ ಸಂಸದರಾಗಿದ್ದ ಧರ್ಮಸಿಂಗ್ ಇದರ ಹಿಂದೆ ನಿಂತಿದ್ದರು. ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಮೀಸಲಾದದ್ದು, ಸರ್ಕಾರಿ ನೌಕರಿಯಲ್ಲಿ ಪ್ರತ್ಯೇಕ ಪಾಲು ಸಿಕ್ಕಿದ್ದು, ಅಭಿವೃದ್ಧಿ ಮಂಡಳಿ ಬಂದದ್ದು ಎಲ್ಲವೂ ಆ ಒಂದು ವಿಧಿಯ ಬಲದಿಂದ. 2023-24ರ ರಾಜ್ಯ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಣೆಯಾದ ಮೊತ್ತ 5,000 ಕೋಟಿ. ಒಬ್ಬ ಸಂಸದರ ವಾರ್ಷಿಕ ನಿಧಿಯ ಸಾವಿರ ಪಟ್ಟು. ರಾಯಚೂರಿನಲ್ಲೋ ಯಾದಗಿರಿಯಲ್ಲೋ ವೈದ್ಯಕೀಯ ಸೀಟು ಪಡೆದ ಬಡವರ ಮಗಳಿಗೆ ಸಂಸತ್ತಿನ ಕಲಾಪ ಎಂದರೇನು ಎಂದು ಯಾರೂ ವಿವರಿಸಬೇಕಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ. ಖರ್ಗೆ ಸಚಿವರಾಗಿದ್ದರು, ಅವರ ಪಕ್ಷವೇ ಅಧಿಕಾರದಲ್ಲಿತ್ತು, ಬೀದಿಯಲ್ಲಿ ಹೋರಾಡಿದವರು ವೈಜನಾಥ ಪಾಟೀಲರಂಥವರು. ಹಾಗಿರುವಾಗ ಸಂಸದರ ಹೆಚ್ಚುಗಾರಿಕೆ ಏನು ಎಂದು. ಮಾತು ಸರಿಯೇ. ಹೋರಾಟವಿಲ್ಲದೆ 371 ಜೆ ಬರುತ್ತಿರಲಿಲ್ಲ. ಆದರೆ ಬೀದಿಯ ಬೇಡಿಕೆ ತಾನಾಗಿಯೇ ಕಾನೂನಾಗುವುದಿಲ್ಲ. ಅದನ್ನು ಮಸೂದೆಯ ಭಾಷೆಗೆ ತಂದು ಪಕ್ಷಭೇದ ದಾಟಿ ಒಪ್ಪಿಸುವವರು ಸದನದೊಳಗೆ ಬೇಕು. ಅಧಿಕಾರವೊಂದೇ ಸಾಲದು ಎಂಬುದಕ್ಕೂ ಅದೇ ಕ್ಷೇತ್ರದಲ್ಲಿ ನಿದರ್ಶನವಿದೆ. ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ ಕಲಬುರಗಿಗೆ ರೈಲ್ವೆ ವಿಭಾಗ ಘೋಷಣೆಯಾಗಿ 2014ರಲ್ಲಿ ಅಡಿಗಲ್ಲು ಬಿತ್ತು. ಸರ್ಕಾರ ಬದಲಾಯಿತು, ದಶಕ ಕಳೆಯಿತು, ವಿಭಾಗ ಬರಲಿಲ್ಲ. ಸಂವಿಧಾನದೊಳಗೆ ಸೇರಿದ ಕೆಲಸ ಸರ್ಕಾರ ಬದಲಾದರೂ ಉಳಿಯಿತು. ಸಚಿವರ ಕುರ್ಚಿಯನ್ನು ನೆಚ್ಚಿದ ಕೆಲಸ ಕುರ್ಚಿಯೊಂದಿಗೇ ಹೋಯಿತು. ಯಾವ ಪಕ್ಷದವರೇ ಆಗಲಿ, ಹಿಂದಿನವರ ಅಡಿಗಲ್ಲನ್ನು ತನ್ನದೆಂದು ಹೊತ್ತು ಮುಂದುವರಿಸುವ ಸಂಸದರು ಬೇಕೆಂದು ನಾನು ಹೇಳುವುದು ಇದಕ್ಕೇ.

ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಅಂದರೆ ವಿಪ್, ಇರುವಾಗ ಸಾಮಾನ್ಯ ಸಂಸದರು ಏನು ತಾನೇ ಮಾಡಿಯಾರು ಎಂಬುದು ಎರಡನೆಯ ಆಕ್ಷೇಪ. 1985ರ ಪಕ್ಷಾಂತರ ನಿಷೇಧ ಕಾನೂನು ಮತ ಹಾಕುವ ಕೈಯನ್ನು ಕಟ್ಟಿದೆ, ನಿಜ. ಸದನ ಸೇರುವುದೂ ಕಡಿಮೆಯಾಗಿದೆ. ಮೊದಲ ಲೋಕಸಭೆ 677 ದಿನ ಸೇರಿದ್ದರೆ 17ನೇ ಲೋಕಸಭೆ ಸೇರಿದ್ದು 274 ದಿನ. 2023ರ ಡಿಸೆಂಬರ್‌ನಲ್ಲಿ ಎರಡೂ ಸದನಗಳಿಂದ 146 ಸದಸ್ಯರು ಅಮಾನತಾದರು. ಇವೆಲ್ಲ ಸಂಸದರ ಬಾಯಿ ಕಟ್ಟುವ ಸಂಗತಿಗಳೇ. ಆದರೂ ವಿಪ್ ಕಟ್ಟುವುದು ಮತವನ್ನು, ಪ್ರಶ್ನೆಯನ್ನಲ್ಲ. ಪ್ರಶ್ನೋತ್ತರ ವೇಳೆ, ಶೂನ್ಯವೇಳೆ, ನಿಯಮ 377, ಸ್ಥಾಯಿ ಸಮಿತಿ ಇವೆಲ್ಲ ಹಿಂದಿನ ಬೆಂಚಿನವರಿಗೂ ತೆರೆದಿರುವ ಬಾಗಿಲುಗಳು. 1967ರಲ್ಲಿ ಗೆದ್ದು ಬಂದ ಶಿವಮೊಗ್ಗದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದಾಗ ಅವರ ಹಿಂದೆ ಬಹುಮತವೂ ಇರಲಿಲ್ಲ, ಸಚಿವ ಪದವಿಯೂ ಇರಲಿಲ್ಲ.

ಹಾಗಾದರೆ ಪ್ರಶ್ನೆಗಳ ಎಣಿಕೆಯೇ ಅಳತೆಗೋಲಾಗಬಾರದೇಕೆ? ನಾನು ತಿದ್ದಿಕೊಂಡ ತಪ್ಪು ಇದೇ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ದೇಶದ ಒಟ್ಟು ಅಂಕಿಅಂಶ ಕೇಳುವ ಪ್ರಶ್ನೆಗೂ, ತನ್ನ ಜಿಲ್ಲೆಯ ಒಂದು ಯೋಜನೆ ಯಾವ ಕಡತದಲ್ಲಿ ನಿಂತಿದೆ ಎಂದು ಕೇಳುವ ಪ್ರಶ್ನೆಗೂ ಎಣಿಕೆಯಲ್ಲಿ ಸಮಾನ ಅಂಕ. ಇನ್ನು ಸ್ಥಾಯಿ ಸಮಿತಿಗಳ ಸಭೆ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಅಲ್ಲಿ ಬೆವರು ಸುರಿಸಿದವರ ದುಡಿಮೆ ಟಿವಿಯಲ್ಲಿ ಕಾಣುವುದಿಲ್ಲ. ಪ್ರಶ್ನೆಯ ಬೆಲೆ ಗೊತ್ತಾಗುವುದು ಉತ್ತರ ಬಂದ ಮೇಲೆ. ‘ವಿಷಯ ಪರಿಶೀಲನೆಯಲ್ಲಿದೆ’ ಎಂದು ಸಚಿವರು ಹೇಳಿದರೆ ಅದು ಸದನಕ್ಕೆ ಕೊಟ್ಟ ಭರವಸೆ. ಮೂರು ತಿಂಗಳಲ್ಲಿ ಅದನ್ನು ಈಡೇರಿಸಬೇಕೆಂಬ ನಿಯಮವಿದೆ, ಅದನ್ನು ನೋಡಿಕೊಳ್ಳಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಉತ್ತರದ ಪ್ರತಿಯನ್ನು ಫೇಸ್‌ಬುಕ್‌ಗೆ ಹಾಕಿ ಸುಮ್ಮನಾಗುವ ಸಂಸದರಿಗೂ, ಮುಂದಿನ ಅಧಿವೇಶನದಲ್ಲಿ ಅದೇ ಉತ್ತರ ಹಿಡಿದು ಮತ್ತೆ ಎದ್ದು ನಿಲ್ಲುವ ಸಂಸದರಿಗೂ ಇರುವ ಅಂತರ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ.

ಆ ಉತ್ತರ ಜಿಲ್ಲೆಯಲ್ಲಿ ಬಳಕೆಗೆ ಬರಬೇಕಾದ ಜಾಗ ದಿಶಾ ಸಭೆ. 2016ರಲ್ಲಿ ರಚನೆಯಾದ ಈ ಜಿಲ್ಲಾ ಸಮಿತಿಗೆ ಸಂಸದರೇ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆ ಅದು ಸೇರಬೇಕು. ಗ್ರಾಮ ಸಡಕ್, ಜಲಜೀವನ್‌ನಂಥ ಕೇಂದ್ರದ ಯೋಜನೆಗಳೆಲ್ಲ ಅಲ್ಲಿ ಮೇಜಿನ ಮೇಲೆ ಬರುತ್ತವೆ. 5 ಕೋಟಿಯ ನಿಧಿಗಿಂತ ಎಷ್ಟೋ ದೊಡ್ಡ ಹಣದ ಲೆಕ್ಕ ಕೇಳುವ ಹಕ್ಕು ಇದು. ಆದರೆ ಮರುದಿನದ ಪತ್ರಿಕೆಯಲ್ಲಿ ಬಹುಪಾಲು ಓದಲು ಸಿಗುವುದು ಅಧಿಕಾರಿಗಳಿಗೆ ತರಾಟೆ ಎಂಬ ಶೀರ್ಷಿಕೆ. ತರಾಟೆ ಒಂದು ದಿನದ ಸುದ್ದಿ. ಹಿಂದಿನ ಸಭೆಯ ನಡಾವಳಿ ತೆರೆದು, ಅಂದು ಒಪ್ಪಿಕೊಂಡದ್ದು ಏನಾಯಿತು ಎಂದು ಸಾಲುಸಾಲಾಗಿ ಕೇಳುವುದು ಕೆಲಸ. ಇಲ್ಲಿ ಸಿಕ್ಕ ತೊಡಕು ದೆಹಲಿಯಲ್ಲಿ ಪ್ರಶ್ನೆಯಾಗಬೇಕು, ದೆಹಲಿಯ ಉತ್ತರ ಇಲ್ಲಿ ಹೊಣೆಯಾಗಬೇಕು.

ಇಷ್ಟೆಲ್ಲ ಮಾಡಿದರೆ ವೋಟು ಬರುತ್ತದೆಯೇ ಎಂಬುದು ಕೊನೆಯ ಆಕ್ಷೇಪ. 371 ಜೆ ಆದ ಮೇಲೆ 2014ರಲ್ಲಿ ಗೆದ್ದ ಖರ್ಗೆ 2019ರಲ್ಲಿ ಸೋತರು. ಸೋಲು ಗೆಲುವಿಗೆ ನೂರು ಕಾರಣಗಳಿರುತ್ತವೆ. ಸದನದ ಕೆಲಸ ವೋಟಿನ ಖಾತರಿ ಎಂದು ನಾನು ಹೇಳಲಾರೆ. ಅದಕ್ಕೇ ಈ ಹೊಣೆಯನ್ನು ಸಂಸದರ ಮೇಲಷ್ಟೇ ಹೊರಿಸಲು ಮನಸ್ಸು ಒಪ್ಪುವುದಿಲ್ಲ. ಗುದ್ದಲಿ ಪೂಜೆಗೆ ಹಾರ ಹಾಕಿ ಸದನದ ಮಾತಿಗೆ ಕಿವಿಗೊಡದವರು ನಾವು. 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಶೇ 4.713 ಎಂದು ಗೊತ್ತುಮಾಡಿದ್ದ ತೆರಿಗೆ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದಾಗ, ನಿಮ್ಮ ಸಂಸದರು ಏನಂದರು ಎಂದು ಎಷ್ಟು ಊರುಗಳಲ್ಲಿ ಕೇಳಿದೆವು? ಮುಂದಿನ ಸಲ ಅವರು ಊರಿಗೆ ಬಂದಾಗ ತಂಗುದಾಣದ ಅರ್ಜಿಯ ಜೊತೆಗೆ ಇನ್ನೊಂದು ಮಾತನ್ನೂ ಕೇಳೋಣ: ಕಳೆದ ಅಧಿವೇಶನದಲ್ಲಿ ನಮ್ಮ ಜಿಲ್ಲೆಯ ಬಗ್ಗೆ ಸಚಿವರಿಂದ ಯಾವ ಉತ್ತರ ಪಡೆದಿರಿ, ಅದನ್ನು ಹಿಡಿದು ದಿಶಾ ಸಭೆಯಲ್ಲಿ ಏನು ಮಾಡಿದಿರಿ? ಕೇಳುವವರಿದ್ದಾರೆಂದು ತಿಳಿದರೆ, ಉತ್ತರ ಸಿದ್ಧಮಾಡಿಕೊಂಡು ಬರುವ ಸಂಸದರು ಎಲ್ಲ ಪಕ್ಷಗಳಲ್ಲೂ ಸಿಗುತ್ತಾರೆ.