ಸಾಲದ ವರದಿಯ ಒಳಪುಟಗಳು

ಭಾರತದಲ್ಲಿ ಸಾಲಗಾರರ ಮರುಪಾವತಿಯ ಚರಿತ್ರೆಯನ್ನು ದಾಖಲಿಸಿ ಬ್ಯಾಂಕುಗಳಿಗೆ ಒದಗಿಸುವ ಕೆಲಸವನ್ನು 2005ರ ಕಾಯ್ದೆಯ ನಿಯಂತ್ರಣಕ್ಕೊಳಪಟ್ಟ ನಾಲ್ಕು ಸಾಲ ಮಾಹಿತಿ ಕಂಪನಿಗಳು, ಎಂದರೆ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್, ನಡೆಸುತ್ತಿದ್ದು, ಇವು ಆ ಚರಿತ್ರೆಯನ್ನು 300ರಿಂದ 900ರವರೆಗಿನ ಒಂದು ಅಂಕದಲ್ಲಿ ಅಳೆಯುತ್ತವೆ. ಎಲ್ಲರ ಕಣ್ಣೂ ಈ ಅಂಕದ ಮೇಲೆಯೇ ನೆಡುವುದರಿಂದ ಅದರ ಹಿಂದಿರುವ ವರದಿ, ಯಾವ ಕಂತು ಎಷ್ಟು ದಿನ ತಡವಾಯಿತು, ಯಾವ ಸಂಸ್ಥೆ ಯಾವಾಗ ವಿಚಾರಿಸಿತು ಎಂಬುದೆಲ್ಲ ಇರುವ ಕಡತ, ಸಾಮಾನ್ಯವಾಗಿ ಓದದೆಯೇ ಉಳಿಯುತ್ತದೆ. ಅಂಕ ಕುಸಿದ ಕಾರಣವೂ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಎತ್ತಿದ ಸಾಲವೂ ಸಿಕ್ಕಿಬೀಳುವುದು ಆ ಕಡತದಲ್ಲಿ.

ಅಂಕ ಏರಿಸುವ ಉಪಾಯಗಳಲ್ಲಿ ಗುಟ್ಟೇನೂ ಇಲ್ಲ: ಕಂತು ಗಡುವಿನೊಳಗೆ ಸಲ್ಲಬೇಕು, ಕ್ರೆಡಿಟ್ ಕಾರ್ಡಿನ ಮಿತಿಯನ್ನು ತಿಂಗಳು ತಿಂಗಳೂ ಪೂರ್ತಿ ಬಳಸಬಾರದು. ಸಹಕಾರ ಸಂಘಗಳ ನಾಡಾದ ಕರ್ನಾಟಕದಲ್ಲಿ ಹೆಚ್ಚು ಯೋಚಿಸಬೇಕಾದದ್ದು ಜಾಮೀನಿನ ವಿಚಾರ. ಮುಲಾಜಿಗೆ ಬಿದ್ದು ನೆಂಟನಿಗಾಗಿ ಹಾಕಿದ ಸಹಿ ಬರಿಯ ಸಾಕ್ಷಿಯಲ್ಲ; 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ಆಗಿರುತ್ತದೆ, ಆದುದರಿಂದ ಸಾಲಗಾರ ಸುಸ್ತಿದಾರನಾದರೆ ಆ ಕಲೆ ಜಾಮೀನು ನಿಂತವನ ವರದಿಗೂ ತಗಲಬಹುದು. ರಿಯಾಯಿತಿ ಪಡೆದು ಸಾಲವನ್ನು ರಾಜಿಯಲ್ಲಿ ಮುಗಿಸುವುದನ್ನೂ ಲಾಭವೆಂದೇ ಎಣಿಸುವವರಿದ್ದಾರೆ. ವರದಿಯಲ್ಲಿ ಅದು ‘ಕ್ಲೋಸ್ಡ್’ ಎಂದಾಗದೆ ‘ಸೆಟಲ್ಡ್’ ಎಂದು ನಮೂದಾಗಿ ಮುಂದಿನ ಸಾಲಕ್ಕೆ ತೊಡಕಾಗುತ್ತದೆ.

ಗುರುತಿನ ಕಳವು ಎಂದರೆ ಒಬ್ಬರ ಪ್ಯಾನ್, ಆಧಾರ್, ಸಹಿ, ಬೆರಳಚ್ಚುಗಳನ್ನು ಬಳಸಿ ಇನ್ನೊಬ್ಬರು ಹಣ ಅಥವಾ ಸಾಲ ಪಡೆಯುವುದು. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೋದ ದೂರುಗಳು ಬಂದಾಗ, ಒಟಿಪಿ ಹೇಳದಿದ್ದರೆ ಸಾಕು ಎಂಬ ನಂಬಿಕೆ ಎಷ್ಟು ತೆಳುವಾದದ್ದೆಂಬುದು ಬಯಲಾಯಿತು, ಏಕೆಂದರೆ ಆ ವ್ಯವಸ್ಥೆಗೆ ಬೆರಳಚ್ಚೇ ಸಾಕಾಗುತ್ತದೆ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಕೇಳಿದಲ್ಲೆಲ್ಲ ಜೆರಾಕ್ಸ್ ಕೊಡುವ ಬದಲು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರನ್ನು ಕೊಡಬಹುದು. ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತೋರಿಸುತ್ತದೆ.

ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕಾಗಿದ್ದು, ಮೂರು ತಿಂಗಳಿಗೊಂದರಂತೆ ನಾಲ್ಕರಿಂದಲೂ ಪಡೆದರೆ ವರ್ಷವಿಡೀ ಕಾವಲು ಇದ್ದಂತಾಗುತ್ತದೆ. ಈ ಅಂಕಣಕಾರರ ವರದಿಯಲ್ಲಿಯೇ ಎಂದೋ ತೀರಿದ ವಾಹನ ಸಾಲವೊಂದು ಚಾಲ್ತಿಯಲ್ಲಿರುವಂತೆ ಉಳಿದಿದ್ದು, ಬೇಬಾಕಿ ಪತ್ರ ಲಗತ್ತಿಸಿ ತಕರಾರು ಸಲ್ಲಿಸಿದ ಮೇಲಷ್ಟೇ ಅಳಿಸಿಹೋಯಿತು. ಆ ಪತ್ರಗಳನ್ನು ಎಸೆಯದಿರುವುದು ಆದ್ದರಿಂದ ವಿಹಿತ. ತಕರಾರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಲ್ಲಿಯೂ ನ್ಯಾಯ ಸಿಗದವರು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. ಹಣವೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ ಬ್ಯಾಂಕಿಗೂ ತಿಳಿಸಬೇಕು.

ಇವುಗಳಲ್ಲಿ ಯಾವುದಕ್ಕೂ ಮಧ್ಯವರ್ತಿ ಬೇಕಿಲ್ಲ. ‘ಸಿಬಿಲ್ ಸರಿಮಾಡಿಸಿಕೊಡುತ್ತೇವೆ’ ಎಂದು ಶುಲ್ಕ ಕೇಳುವವರು ನಿಜವಾದ ಬಾಕಿಯನ್ನು ವರದಿಯಿಂದ ಅಳಿಸಲಾರರು. ಅವರ ಕೈಗೆ ಪ್ಯಾನ್, ಆಧಾರ್ ಪ್ರತಿಗಳನ್ನು ಯಾರೂ ಕೊಡಕೂಡದು.